ಹೋಮ್‌ಸ್ಕೂಲಿಂಗ್ ಅಂದರೆ ಮನೆಪಾಠ ಅಲ್ಲ

ಹೋಮ್‌ಸ್ಕೂಲಿಂಗ್‌ಗೆ ಕನ್ನಡದಲ್ಲಿ ಏನನ್ನಬೇಕು? ಥಟ್ಟನೆ ಬಾಯಿಗೆ ಬರುವುದು 'ಮನೆಪಾಠ'. ಆದರೆ ಶಾಲೆ ಮುಗಿಸಿಕೊಂಡು ಸಂಜೆ ಮೇಷ್ಟ್ರ ಮನೆಗೆ ಹೋಗಿ ಕಲಿಯುವುದನ್ನು, ಅಂದರೆ ಟ್ಯೂಷನ್ನನ್ನು, ನಾವು ಮನೆಪಾಠ ಅನ್ನುತ್ತೇವೆ. ಹೋಮ್‌ಸ್ಕೂಲಿಂಗ್‌ನಲ್ಲಿ ಶಾಲೆಯೇ ಇಲ್ಲ. ಯಾವ ಹಾಜರಿ ಪುಸ್ತಕದಲ್ಲೂ ಮಗುವಿನ ಹೆಸರಿಲ್ಲ. ಏನು ಕಲಿಯಬೇಕು, ಯಾವಾಗ, ಯಾರ ಹತ್ತಿರ ಅನ್ನುವುದೆಲ್ಲ ಮನೆಯವರ ಹೊಣೆ. ನನಗೆ 'ಮನೆಕಲಿಕೆ' ಅನ್ನುವ ಮಾತು ಹಿಡಿಸುತ್ತದೆ. ಮಕ್ಕಳು ದೊಡ್ಡವರಾದ ಹಾಗೆ ಅಲ್ಲಿ ಕಲಿಸುವುದು ಕಡಿಮೆಯಾಗಿ ಕಲಿಯುವುದೇ ಜಾಸ್ತಿಯಾಗುತ್ತದೆ.

ಮಗಳು ಹೈಸ್ಕೂಲಿನ ವಯಸ್ಸಿಗೆ ಬಂದಾಗ ಇದು ನನಗೆ ಗೊತ್ತಾಯಿತು. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಅಂದರೆ 8, 9, 10ನೇ ತರಗತಿ. ಮಗಳು ಏಳನೇ ಕ್ಲಾಸು ಮುಗಿಸಿ ಮನೆಯಲ್ಲೇ ಕಲಿಯಲು ಶುರು ಮಾಡಿದಾಗ ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಹತ್ತಕ್ಕೆ ಗಣಿತ, ಹನ್ನೊಂದಕ್ಕೆ ವಿಜ್ಞಾನ. ಒಂದು ತಿಂಗಳಲ್ಲಿ ಅವಳಿಗೂ ಬೇಸರ, ನನಗೂ ಸಿಟ್ಟು. ಅಷ್ಟರಲ್ಲಿ ಕರೆಂಟ್ ಬಿಲ್ ಬಂತು.

"ಅಮ್ಮಾ, ಯೂನಿಟ್ ಅಂದ್ರೇನು?"

ಗೀಸರ್ ಮೇಲೆ 2000 ವ್ಯಾಟ್ ಎಂದು ಬರೆದಿತ್ತು. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಹಾಗಾದರೆ ಗೀಸರ್ ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್ ಎಂದು ಪುಸ್ತಕ ನೋಡಿ ತಾನೇ ಲೆಕ್ಕ ಹಾಕಿದಳು. ಮನೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿಸಿ, ಗೀಸರ್ ಒಂದನ್ನೇ ಹಾಕಿ, ಮೀಟರ್ ಮುಂದೆ ನಿಂತಳು. ಅರ್ಧ ಗಂಟೆಯಾದರೂ ಮೀಟರ್ ಅಷ್ಟು ಓಡಿರಲಿಲ್ಲ. ಲೆಕ್ಕ ತಪ್ಪಾಯಿತೇನೋ ಎಂದು ಮತ್ತೆ ಮತ್ತೆ ಗುಣಿಸಿದಳು. ನೀರು ಕಾದ ಮೇಲೆ ಗೀಸರ್ ತಾನಾಗಿ ನಿಲ್ಲುತ್ತದೆ ಅನ್ನುವುದು ಮಾರನೇ ದಿನ ಅದರ ಕೆಂಪು ದೀಪ ಆರಿದ್ದು ನೋಡಿದಾಗ ಹೊಳೆಯಿತು. ಆ ಸಂಜೆ ವೇಳಾಪಟ್ಟಿ ಕಿತ್ತು ಹಾಕಿದೆ.

ಹೀಗೆ ಕಲಿತರೆ ಮಾರ್ಕ್ಸ್ ಕಾರ್ಡ್ ಯಾರು ಕೊಡುತ್ತಾರೆ? ಚಿಕ್ಕ ಮಕ್ಕಳಿರುವಾಗ ಈ ಪ್ರಶ್ನೆ ಏಳುವುದಿಲ್ಲ, ಹೈಸ್ಕೂಲು ಬಂದ ಕೂಡಲೇ ನೆಂಟರೆಲ್ಲ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಅದರಲ್ಲಿ ಮನೆಕಲಿಕೆಯ ಪ್ರಸ್ತಾಪವೇ ಇಲ್ಲ. ಹತ್ತನೇ ತರಗತಿಗೆ ಹೆಚ್ಚಿನವರು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಶುರುವಾದ ಇದು ಕೇಂದ್ರ ಸರ್ಕಾರದ ಬೋರ್ಡು. ಎಷ್ಟೋ ಜನ ಎನ್‌ಐಒಎಸ್ಸನ್ನೇ ಹೋಮ್‌ಸ್ಕೂಲಿಂಗ್ ಅಂದುಕೊಂಡಿದ್ದಾರೆ. ಅದು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಬೋರ್ಡು. ಶಾಲೆ ಬಿಟ್ಟು ದುಡಿಯುವವರು, ದೊಡ್ಡವರು, ಆಟಗಾರರು ಕೂಡ ಅಲ್ಲಿ ಬರೆಯುತ್ತಾರೆ.

ಅಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವೂ ಇದೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ನಡೆಯುತ್ತದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲವನ್ನೂ ಒಟ್ಟಿಗೇ ಬರೆಯಬೇಕು ಅಂತಿಲ್ಲ, ಈ ಸಲ ಎರಡು, ಮುಂದಿನ ಸಲ ಮೂರು ಅಂತ ಬರೆಯಬಹುದು. ಈ ಬಿಡುವು ಹದಿನಾಲ್ಕರ ಮಕ್ಕಳಿಗೆ ಎಷ್ಟು ಹಗುರ ಅನ್ನಿಸುತ್ತದೆ ಅನ್ನುವುದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಅವಸರ ಬೇಡ. ಗಣಿತ ಕಷ್ಟ ಎಂದರೆ ಅದನ್ನು ಬಿಟ್ಟು ಗೃಹವಿಜ್ಞಾನವನ್ನೋ ಚಿತ್ರಕಲೆಯನ್ನೋ ತೆಗೆದುಕೊಳ್ಳಬಹುದು. ಆದರೆ ಮುಂದೆ ಪಿಯುಸಿಯಲ್ಲಿ ಸೈನ್ಸ್ ಬೇಕು ಅನ್ನಿಸಿದರೆ ಬಿಟ್ಟದ್ದು ಅಡ್ಡ ಬರುತ್ತದೆ. ಹದಿಮೂರರಲ್ಲಿ ಬೇಡ ಅಂದದ್ದು ಹದಿನಾರರಲ್ಲಿ ಬೇಕಾಗಬಹುದು, ಅಲ್ವಾ? ನಾವು ಗಣಿತ ಇಟ್ಟುಕೊಂಡೆವು. ಉಳಿದ ನಾಲ್ಕನ್ನು ಅವಳೇ ಆರಿಸಿದಳು.

ಎಂಟನೇ ತರಗತಿಯ ಅಂಕಪಟ್ಟಿ ಇಲ್ಲ ಎಂದು ಹೆದರಬೇಕಿಲ್ಲ. ಹತ್ತನೇ ತರಗತಿ ಓದುವಷ್ಟು ಕಲಿತಿದ್ದೇನೆ ಎಂದು ವಿದ್ಯಾರ್ಥಿಯೇ ಬರೆದುಕೊಟ್ಟರೆ ನಡೆಯುತ್ತದೆ. ವಯಸ್ಸಿಗೆ ಮಾತ್ರ ದಾಖಲೆ ಬೇಕೇ ಬೇಕು. ಜನನ ಪ್ರಮಾಣಪತ್ರವನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ.