ಕಾನೂನು ಕೊಟ್ಟ ಪಾಲು, ತಂಗಿ ಬಿಟ್ಟ ಪಾಲು

ಬೆಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಹಕ್ಕು ಬಿಡುಗಡೆ ಪತ್ರ ಹೊಸದೇನಲ್ಲ. ಅಪ್ಪನ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟಿದ್ದೇನೆ ಅಂತ ಅಕ್ಕನೋ ತಂಗಿಯೋ ಅಣ್ಣತಮ್ಮಂದಿರಿಗೆ ಬರೆದುಕೊಡುವ ಕಾಗದ ಅದು. ಕಾನೂನು ಸಮಪಾಲು ಕೊಟ್ಟ ಮೇಲೂ ಈ ಸಹಿ ಯಾಕೆ?

ಇದರ ಹಿಂದಿರುವುದು ಹಳೆಯ ಪ್ರಶ್ನೆ: ಹೆಣ್ಣು ಯಾಕೆ ಅಧೀನಳಾದಳು? ಅದಕ್ಕೆ ಒಂದೇ ಉತ್ತರವಿಲ್ಲ. ಕಾನೂನು ಸಮವಾದರೆ ಸಾಕು ಎಂದವರಿದ್ದಾರೆ. ಖಾಸಗಿ ಆಸ್ತಿಯೇ ಮೂಲ ಎಂದು ಮಾರ್ಕ್ಸ್‌ನ ಒಡನಾಡಿ ಏಂಗೆಲ್ಸ್ 1884ರಲ್ಲೇ ವಾದಿಸಿದರು. ಮನೆಯೊಳಗಿನ ಅಧಿಕಾರವನ್ನೂ ಸಂಬಳವಿಲ್ಲದ ದುಡಿಮೆಯನ್ನೂ ನೋಡಿ ಎಂದರು 1970ರ ದಶಕದ ಸ್ತ್ರೀವಾದಿಗಳು. ಹೆಣ್ಣಿನ ಮದುವೆಯ ಮೇಲಿನ ಹಿಡಿತದಿಂದಲೇ ಜಾತಿ ಉಳಿದಿದೆ ಎಂದು ಅಂಬೇಡ್ಕರ್ 1916ರಲ್ಲೇ ತೋರಿಸಿದ್ದರು.

ನಮ್ಮ ಕಥೆ ಶುರುವಾಗುವುದು ಮೈಸೂರು ಸಂಸ್ಥಾನದಿಂದ. 1933ರ ಕಾಯ್ದೆ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕೂಡು ಕುಟುಂಬದ ಆಸ್ತಿ ಹಂಚುವಾಗ ಪಾಲು ಕೊಟ್ಟಿತು. ಮಗಳಿಗೆ ಮಗನಿಗಿಂತ ಕಡಿಮೆ, ನಿಜ. ಆದರೂ ಕೂಡು ಕುಟುಂಬದ ಆಸ್ತಿಯ ವಿಷಯದಲ್ಲಿ ಬ್ರಿಟಿಷ್ ಇಂಡಿಯಾ ವಿಧವೆಯರ ಕಡೆ ತಿರುಗಿದ್ದೇ 1937ರಲ್ಲಿ. ಸ್ವಾತಂತ್ರ್ಯದ ನಂತರ, ಹಿಂದೂಗಳ ಮದುವೆ, ಆಸ್ತಿ ಕಾನೂನುಗಳನ್ನು ಸುಧಾರಿಸಲು ಹೊರಟ ಹಿಂದೂ ಕೋಡ್ ಬಿಲ್ ನಿಂತುಹೋಯಿತು. 1951ರಲ್ಲಿ ಅಂಬೇಡ್ಕರ್ ಮಂತ್ರಿಗಿರಿ ಬಿಡಲು ಅದೂ ಒಂದು ಕಾರಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. 1994ರಲ್ಲಿ ಕರ್ನಾಟಕ ಅದನ್ನು ಮಗಳಿಗೂ ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವಳನ್ನು ಹೊರಗಿಟ್ಟಿತು. ಮದುವೆಯಾದರೆ ಮಗಳಲ್ಲವೇ? 2005ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ಮಗಳಿಗೆ ಈ ಹಕ್ಕು ಸಿಗಲು ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಇಷ್ಟಾದರೂ ಸಹಿ ನಿಂತಿಲ್ಲ. 'ನಿನ್ನ ಮದುವೆಗೆ ಖರ್ಚು ಮಾಡಿಲ್ವಾ' ಎಂಬ ಮಾತು ಬರುತ್ತದೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು ಮುಗಿಸುತ್ತಾರೆ. ಇದನ್ನು ಸುಮ್ನೆ ಪೆದ್ದುತನ ಎನ್ನಲು ನನಗೆ ಮನಸ್ಸಿಲ್ಲ. ಗಂಡನ ಮನೆಯಲ್ಲಿ ಏನಾದರೂ ಆದರೆ ಅವಳು ಬರಬೇಕಾದದ್ದು ತವರಿಗೇ. ಪಾಲು ಕೇಳಿದರೆ ಆ ಬಾಗಿಲು ಮುಚ್ಚುತ್ತದೆ. ಪಾಲು ಬಿಟ್ಟು ಅವಳು ಬಾಗಿಲು ಕೊಂಡುಕೊಳ್ಳುತ್ತಾಳೆ. ತಿಳಿದೇ ಮಾಡುವ ಲೆಕ್ಕ ಅದು, ಆದರೆ ಸೋತವರ ಲೆಕ್ಕ. ಕಾನೂನು ಸಾಲದು ಎಂದ ಸ್ತ್ರೀವಾದಿಗಳು ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ?

ಬೆಂಗಳೂರಿನ ಸುತ್ತ ಜಮೀನಿನ ಬೆಲೆ ಏರಿದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ದೇವನಹಳ್ಳಿ ಕಡೆ ರಾಗಿ ಹೊಲವಾಗಿದ್ದಾಗ ಬಿಟ್ಟುಕೊಡುವುದು ಸುಲಭ, ಲೇಔಟ್ ಆಗುವಾಗ ಕಷ್ಟ. ಅಕ್ಕತಂಗಿಯರು ಪಾಲಿಗಾಗಿ ದಾವೆ ಹೂಡುತ್ತಿದ್ದಾರೆ. ಹೀಗಾಗಿ ಕೊಳ್ಳುವವರ ವಕೀಲರು ಈಗ ವಂಶವೃಕ್ಷ ತೆಗೆಸಿ, ಅದರಲ್ಲಿರುವ ಪ್ರತಿ ಹೆಣ್ಣುಮಗಳ ಸಹಿ ಕೇಳುತ್ತಾರೆ. ಸಮಾನತೆಯ ಮೇಲಿನ ಪ್ರೀತಿಯಿಂದಲ್ಲ, ಮುಂದೆ ಕೋರ್ಟಿಗೆ ಅಲೆಯುವ ಭಯದಿಂದ. ಆದರೂ ಅವಳು ಬರದೆ ವ್ಯಾಪಾರ ಮುಗಿಯುವುದಿಲ್ಲ. ಎಷ್ಟು ಕೊಡುತ್ತೀರಿ ಎಂದು ಸಹಿಗೆ ಮೊದಲೇ ಕೇಳುವ ತಂಗಿಯರೂ ಈಗ ಇದ್ದಾರೆ.