ಆ ಬಣ್ಣವನ್ನು ಯಾಕೆ ತೊಳೆಯಲಿಲ್ಲ?

ಲೋಹದ ಹಳೇ ವಸ್ತುಗಳನ್ನು ಕಾಪಾಡುವುದು ನನ್ನ ಕೆಲಸ. ಅದನ್ನೇ ಕಲಿಸುವ ತರಗತಿಯಲ್ಲಿ ಪ್ರತಿ ವರ್ಷ ಒಂದು ಫೋಟೊ ತೋರಿಸುತ್ತೇನೆ. ಕಂಚಿನ ಮನುಷ್ಯನೊಬ್ಬ ಮ್ಯೂಸಿಯಂನಲ್ಲಿ ಅಂಗಾತ ಮಲಗಿದ್ದಾನೆ. ಉದ್ದನೆಯ ಕೋಟು, ಭುಜದವರೆಗೆ ಇಳಿಬಿದ್ದ ಕೂದಲು. ಮೈಮೇಲೆಲ್ಲ ಕೆಂಪು, ನೀಲಿ ಸ್ಪ್ರೇ ಬಣ್ಣ. ಒಂದು ನಿಮಿಷವೂ ಆಗಿರುವುದಿಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ: "ಮೇಡಂ, ಇದನ್ನ ಯಾಕೆ ತೊಳೆದಿಲ್ಲ?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಒಂದು ತರಗತಿಯಲ್ಲಿ ಮುಗಿಯುವುದಿಲ್ಲ.

ಆ ಪ್ರತಿಮೆ ಎಡ್ವರ್ಡ್ ಕೋಲ್‌ಸ್ಟನ್‌ನದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ನಡುಮಧ್ಯೆ 1895ರಿಂದ ನಿಂತಿತ್ತು. ಮಾಡಿದ ಶಿಲ್ಪಿ ಜಾನ್ ಕ್ಯಾಸಿಡಿ. 2020ರ ಜೂನ್ 7ರಂದು, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿ ಪೊಲೀಸರ ಕೈಯಲ್ಲಿ ಕೊಲೆಯಾದ ಮೇಲೆ ಎದ್ದ ಪ್ರತಿಭಟನೆಯ ದಿನಗಳಲ್ಲಿ, ಜನ ಅದಕ್ಕೆ ಹಗ್ಗ ಬಿಗಿದು ಎಳೆದು ಬೀಳಿಸಿದರು. ರಸ್ತೆಯಲ್ಲಿ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ತಳ್ಳಿದರು. ತಳ್ಳಿದ ಜಾಗದ ಪಕ್ಕದಲ್ಲೇ ಪೆರೋ ಸೇತುವೆ ಇದೆ. ಪೆರೋ ಜೋನ್ಸ್ ಎಂಬಾತನನ್ನು ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಗುಲಾಮನಾಗಿ ಬ್ರಿಸ್ಟಲ್‌ಗೆ ಕರೆತಂದಿದ್ದರು. ಸೇತುವೆಗೆ ಇಟ್ಟಿರುವುದು ಅವನ ಹೆಸರು. ನಾಲ್ಕು ದಿನದ ನಂತರ ನಗರಸಭೆಯವರು ಪ್ರತಿಮೆಯನ್ನು ಮೇಲೆತ್ತಿ ನನ್ನಂಥವರ ಕೈಗೆ ಒಪ್ಪಿಸಿದರು. ಪ್ರಶ್ನೆ ಶುರುವಾಗುವುದು ಅಲ್ಲಿಂದ.

ನಮ್ಮ ಮನೆಗಳಲ್ಲಿ ಕಂಚಿನ ಪಾತ್ರೆಗೆ ಕಿಲುಬು ಹಿಡಿದರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಥಳಥಳ ಹೊಳೆಯುತ್ತದೆ. ಊಟದ ಪಾತ್ರೆಗೆ ಅದು ಸರಿ. ಹಳೇ ವಿಗ್ರಹಕ್ಕೆ ಖಂಡಿತ ಸಲ್ಲದು. ಒಮ್ಮೆ ಒಂದು ಮನೆಯವರು ತಲೆತಲಾಂತರದಿಂದ ಬಂದ ಪುಟ್ಟ ಮೂರ್ತಿಯೊಂದನ್ನು ನನ್ನ ಹತ್ತಿರ ತಂದಿದ್ದರು. ತರುವ ಮುಂಚೆ ಭಕ್ತಿಯಿಂದ ಹುಣಸೆಹಣ್ಣು ಹಚ್ಚಿ ಚೆನ್ನಾಗಿ ಉಜ್ಜಿದ್ದರು. ಮೂರ್ತಿ ಹೊಸದರ ಹಾಗೆ ಮಿನುಗುತ್ತಿತ್ತು. ಆದರೆ ಅದರ ಮೇಲ್ಮೈಯಲ್ಲಿ ಕೂತಿದ್ದ ಕಾಲವೆಲ್ಲ ಸಿಂಕಿನ ತೂತಿನಲ್ಲಿ ಹರಿದುಹೋಗಿತ್ತು. ಕಂಚಿನ ಮೇಲೆ ಕಟ್ಟುವ ಎಲ್ಲ ಪದರವೂ ಕೊಳೆ ಅಲ್ಲ. ಗಟ್ಟಿಯಾಗಿ ಕೂತ ಪದರ ಒಳಗಿನ ಲೋಹವನ್ನು ಕಾಯುತ್ತದೆ. ತಿಳಿಹಸಿರು ಪುಡಿಯ ಹಾಗೆ ಉದುರುವುದು ಮಾತ್ರ ರೋಗ. ಉಪ್ಪಿನ ಅಂಶ ಮತ್ತು ತೇವ ಸೇರಿದರೆ ಅದು ಕಂಚನ್ನು ಒಳಗಿನಿಂದಲೇ ತಿನ್ನುತ್ತಾ ಹೋಗುತ್ತದೆ. ಹಾಗಾಗಿ ನಾವು ಮೊದಲು ಕೇಳಿಕೊಳ್ಳುವುದು 'ಇದನ್ನು ಹೇಗೆ ತೊಳೆಯುವುದು' ಅಂತಲ್ಲ. 'ಇದರ ಮೇಲೆ ಇರುವುದರಲ್ಲಿ ಯಾವುದು ಕೊಳೆ, ಯಾವುದು ಸಾಕ್ಷಿ' ಅಂತ.

ಕೋಲ್‌ಸ್ಟನ್ ವಿಷಯದಲ್ಲಿ ಕೆಸರು ಹೋಗಲೇಬೇಕಿತ್ತು. ಪ್ರತಿಮೆ ಒಳಗೆ ಟೊಳ್ಳು. ಬಂದರಿನ ಹೂಳು ಒಳಗೆಲ್ಲ ತುಂಬಿತ್ತು, ಬಿಟ್ಟರೆ ಲೋಹಕ್ಕೆ ಅಪಾಯ. ಬಣ್ಣದ ವಿಚಾರ ಬೇರೆ. 1895ರಲ್ಲಿ ಆ ಪ್ರತಿಮೆಯನ್ನು ನಿಲ್ಲಿಸಿದ್ದು ಹೇಗೆ ಒಂದು ಘಟನೆಯೋ, 2020ರಲ್ಲಿ ಉರುಳಿಸಿದ್ದೂ ಹಾಗೇ ಒಂದು ಘಟನೆ. ಬಣ್ಣ ತೆಗೆದು, ಡೊಂಕು ತಿದ್ದಿ, ಮುರಿದುಹೋದ ಕೈಕೋಲು ಹೊಸದಾಗಿ ಎರಕ ಹೊಯ್ದು ಜೋಡಿಸಿದ್ದರೆ 1895ರ ಪ್ರತಿಮೆ ವಾಪಸ್ ಬರುತ್ತಿತ್ತು, ನಿಜ. ಆದರೆ ಅದು ಸುಳ್ಳು ಹೇಳುತ್ತಿತ್ತು, ಏನೂ ನಡೆದೇ ಇಲ್ಲ ಅಂತ. ಬ್ರಿಸ್ಟಲ್‌ನವರು ಬಣ್ಣವನ್ನು ಉಳಿಸಿಕೊಂಡರು. ಸ್ಪ್ರೇ ಬಣ್ಣ ಕಂಚಿನ ಮೇಲೆ ಸಲೀಸಾಗಿ ನಿಲ್ಲುವುದಿಲ್ಲ, ಸಿಪ್ಪೆ ಏಳುತ್ತದೆ. ಕೆಸರು ಹೋಗಬೇಕು, ಬಣ್ಣ ಇರಬೇಕು. ಇಂಥ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆ ಅಂತ ಮಾಡಿದವರಿಗೇ ಗೊತ್ತು.

ಕೆಸರು ತೆಗೆಯುವಾಗ ಒಳಗಿಂದ ಎರಡು ವಸ್ತು ಸಿಕ್ಕವು. ಒಂದು ಸೈಕಲ್ ಟೈರು, ಬಂದರಿನ ತಳದಿಂದ ಬಂದದ್ದು. ಇನ್ನೊಂದು 'ಟಿಟ್-ಬಿಟ್ಸ್' ಅನ್ನುವ ವಾರಪತ್ರಿಕೆಯ ಪ್ರತಿ. ತಾರೀಖು 1895ರ ಅಕ್ಟೋಬರ್ 26. ಅದರ ಮೇಲೆ ಪ್ರತಿಮೆಯನ್ನು ಕೂರಿಸಿದ ಕೆಲಸಗಾರರು ತಮ್ಮ ಹೆಸರು ಬರೆದು ಒಳಗಿಟ್ಟಿದ್ದರು. ಅವರ ಹೆಸರಿದ್ದ ಕಾಗದ 124 ವರ್ಷ ಕತ್ತಲಲ್ಲಿ ಕೂತು, ಕೊನೆಗೆ ನಾಲ್ಕು ದಿನ ನೀರಲ್ಲಿ ಮುಳುಗಿ, ಆಮೇಲೂ ಓದುವ ಹಾಗೆ ಉಳಿದಿತ್ತು. ನನ್ನ ಕೆಲಸದಲ್ಲಿ ಇಂಥ ಕ್ಷಣಕ್ಕೆ ಮೈ ಜುಮ್ಮೆನ್ನುತ್ತದೆ.

ಇನ್ನು ಈ ಕೋಲ್‌ಸ್ಟನ್ ಯಾರು? 1636ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ವ್ಯಾಪಾರಿ. ಊರಿಗೆ ಶಾಲೆ ಕೊಟ್ಟ, ಬಡ ವೃದ್ಧರಿಗೆ ಆಸರೆಯ ಮನೆ ಕಟ್ಟಿಸಿದ. 1680ರಲ್ಲಿ, ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿ ಸೇರಿದ, ಮುಂದೆ ಅದರ ಉಪ ಗವರ್ನರ್ ಕೂಡ ಆದ. ಅವನು ಅದರಲ್ಲಿದ್ದ 1680ರಿಂದ 1692ರ ನಡುವೆ ಕಂಪನಿಯ ಹಡಗುಗಳು ಸುಮಾರು 84,000 ಆಫ್ರಿಕನ್ನರನ್ನು ಹೊತ್ತೊಯ್ದವು ಅಂತ ಇತಿಹಾಸಕಾರರ ಅಂದಾಜು. ಸುಮಾರು 19,000 ಜನ ದಾರಿಯಲ್ಲೇ ಸತ್ತರು. ದನಗಳಿಗೆ ಬರೆ ಹಾಕುವ ಹಾಗೆ ಅವರ ಎದೆಯ ಮೇಲೆ ಕಂಪನಿಯ ಹೆಸರಿನ ಅಕ್ಷರಗಳನ್ನು ಕಾಯಿಸಿದ ಕಬ್ಬಿಣದಲ್ಲಿ ಒತ್ತುತ್ತಿದ್ದರು.

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಎಲ್ಲ ಇರುತ್ತದೆ. ಆ ಸಂಪತ್ತನ್ನು ಬೆವರು ಸುರಿಸಿ ಬೆಳೆದವರು ಯಾರು ಅನ್ನುವುದು ಸಾಮಾನ್ಯವಾಗಿ ಇರುವುದಿಲ್ಲ. ಕೋಲ್‌ಸ್ಟನ್‌ನ ಪೀಠದ ಮೇಲಿದ್ದದ್ದೂ ಅಂಥದೇ ಬರಹ. ಈ ನಗರದ ಅತ್ಯಂತ ಗುಣವಂತ, ಜ್ಞಾನಿ ಮಕ್ಕಳಲ್ಲಿ ಒಬ್ಬನ ನೆನಪಿಗಾಗಿ ನಾಗರಿಕರು ನಿಲ್ಲಿಸಿದ್ದು ಅಂತ. ಗುಲಾಮರ ವ್ಯಾಪಾರದ ಬಗ್ಗೆ ಒಂದಕ್ಷರ ಇಲ್ಲ.

"ಪ್ರತಿಮೆ ತೆಗೆದರೆ ಇತಿಹಾಸ ಅಳಿಸಿದ ಹಾಗಲ್ವಾ?" ಇದು ತರಗತಿಯ ಎರಡನೇ ಪ್ರಶ್ನೆ. ಮನಸ್ಸಿನಿಂದ ಕೇಳುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಕೋಲ್‌ಸ್ಟನ್ ಸತ್ತದ್ದು 1721ರಲ್ಲಿ. ಪ್ರತಿಮೆ ಬಂದದ್ದು 1895ರಲ್ಲಿ. ನಡುವೆ 174 ವರ್ಷ. ಅಷ್ಟರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಲ್ಲಿಸಿ, 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯ್ದೆ ತಂದಿತ್ತು. ಆಗ ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಮಾಲೀಕರಿಗೆ, 2 ಕೋಟಿ ಪೌಂಡ್. (ಕಾಯ್ದೆಯಾದ ಮರು ತಿಂಗಳೇ ನಮ್ಮ ರಾಜಾ ರಾಮಮೋಹನ ರಾಯ್ ತೀರಿಕೊಂಡದ್ದು ಇದೇ ಬ್ರಿಸ್ಟಲ್‌ನಲ್ಲಿ. ಅವರ ಪ್ರತಿಮೆಯೂ ಆ ಊರಲ್ಲಿದೆ.) ಇದೆಲ್ಲ ಗೊತ್ತಿದ್ದೇ 1895ರ ದೊಡ್ಡ ಮನುಷ್ಯರು ಕೋಲ್‌ಸ್ಟನ್‌ನನ್ನು ಆರಿಸಿಕೊಂಡರು. ಚಂದಾ ಎತ್ತಿದರೆ ಬೇಕಾದಷ್ಟು ದುಡ್ಡು ಕೂಡಲಿಲ್ಲ. ಆದರೂ ನಾಗರಿಕರು ನಿಲ್ಲಿಸಿದ್ದು ಅಂತಲೇ ಬರೆಸಿದರು. ಹಾಗಾಗಿ ಆ ಪ್ರತಿಮೆ 17ನೇ ಶತಮಾನದ ದಾಖಲೆ ಅಲ್ಲವೇ ಅಲ್ಲ. ಯಾರಿಗೆ ಕೈ ಮುಗಿಯಬೇಕು ಅಂತ 1895ರವರು ಮಾಡಿದ ತೀರ್ಮಾನದ ದಾಖಲೆ ಅದು. ಪೀಠದಿಂದ ಇಳಿಸಿದರೆ ಬದಲಾಗುವುದು ಆ ತೀರ್ಮಾನ. ದಾಖಲೆ ಎಲ್ಲಿಗೂ ಹೋಗುವುದಿಲ್ಲ, ಕಾಪಾಡುವವರು ಇದ್ದರೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. 1857ರಲ್ಲಿ ಅಲಹಾಬಾದ್, ಕಾನ್ಪುರಗಳಲ್ಲಿ ಕ್ರೂರವಾಗಿ ಸೇಡು ತೀರಿಸಿಕೊಂಡ ಜನರಲ್ ನೀಲ್‌ನ ಪ್ರತಿಮೆ ಮದ್ರಾಸಿನ ಮೌಂಟ್ ರೋಡಿನಲ್ಲಿತ್ತು. 1927ರಲ್ಲಿ ಅದರ ವಿರುದ್ಧ ಸತ್ಯಾಗ್ರಹ ನಡೆಯಿತು, ಎಷ್ಟೋ ಜನ ಜೈಲಿಗೆ ಹೋದರು. 1937ರಲ್ಲಿ ರಾಜಾಜಿ ಸರ್ಕಾರ ಬಂದ ಮೇಲೆ ಅದನ್ನು ರಸ್ತೆಯಿಂದ ತೆಗೆದರು, ಮುಂದೆ ಅದು ಮ್ಯೂಸಿಯಂ ಸೇರಿತು. ಆಮೇಲೆ ಯಾರಾದರೂ 1857 ಮರೆತರಾ?

ಬ್ರಿಸ್ಟಲ್‌ನಲ್ಲಿ ನನಗೆ ನಿಜವಾಗಿ ನೋವು ಕೊಡುವುದು ಒಂದು ಫಲಕದ ಕಥೆ. ಪ್ರತಿಮೆ ಬೇಡ ಅನ್ನುವ ದನಿ 1990ರ ದಶಕದಿಂದಲೇ ಇತ್ತು. 2018ರಲ್ಲಿ, ಪ್ರತಿಮೆ ಇರಲಿ, ಪಕ್ಕದಲ್ಲಿ ಗುಲಾಮರ ವ್ಯಾಪಾರದ ವಿಷಯ ಹೇಳುವ ಇನ್ನೊಂದು ಫಲಕ ಹಾಕೋಣ ಅಂತ ಯೋಜನೆ ಆಯಿತು. ಎಷ್ಟು ಸಣ್ಣ ಕೆಲಸ ನೋಡಿ. ಅಂಗೈ ಅಗಲದ ಬರಹ. ಆದರೆ ಒಂದೊಂದು ಸಾಲಿಗೂ ಜಗಳ. ದಾನದ ಮಾತು ಎಷ್ಟಿರಬೇಕು, ವ್ಯಾಪಾರದ ಮಾತು ಎಷ್ಟಿರಬೇಕು? ಕರಡು ತಿದ್ದಿ ತಿದ್ದಿ ಮೆತ್ತಗಾಯಿತು. ಕೊನೆಗೆ 2019ರಲ್ಲಿ ಮೇಯರ್ ಮಾರ್ವಿನ್ ರೀಸ್ ಆ ಬರಹವನ್ನು ಒಪ್ಪಲಿಲ್ಲ. ಅವರು ಸ್ವತಃ ಜಮೈಕಾ ಮೂಲದ ತಂದೆಯ ಮಗ. ಫಲಕ ಬರಲೇ ಇಲ್ಲ. ಮರು ವರ್ಷ ಹಗ್ಗ ಬಂತು.

ಉರುಳಿಸಿದ ರೀತಿಯನ್ನು ನಾನು ಮೆಚ್ಚುತ್ತೇನಾ ಅಂತ ಕೇಳಿದರೆ, ಇಲ್ಲ. ಎರಡೂವರೆ ಮೀಟರಿಗಿಂತ ಎತ್ತರದ ಕಂಚು ಜನರ ನಡುವೆ ಬೀಳುವುದನ್ನು ನೆನೆದರೆ ಭಯವಾಗುತ್ತದೆ. ಅದೇ ವಾರ ಅಮೆರಿಕದ ವರ್ಜೀನಿಯಾ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ ಹೀಗೇ ಪ್ರತಿಮೆ ಎಳೆಯುವಾಗ ಅದು ಒಬ್ಬರ ತಲೆಗೆ ಬಡಿದು ಜೀವಕ್ಕೇ ಕುತ್ತು ಬಂದಿತ್ತು. ಲಂಡನ್ನಿನಲ್ಲಿ ಗುಲಾಮರ ಮಾಲೀಕ ರಾಬರ್ಟ್ ಮಿಲಿಗನ್‌ನ ಪ್ರತಿಮೆಯನ್ನು ಜೂನ್ 9ರಂದು ಕ್ರೇನ್ ತಂದು ಇಳಿಸಿದರು. ಮಾಡುವುದಾದರೆ ಹಾಗೆ ಮಾಡಬೇಕು. ಆದರೆ ಒಂದು ಫಲಕಕ್ಕೂ ದಾರಿ ಕೊಡದ ಊರಿನಲ್ಲಿ ಜನ ಇನ್ನೂ ಎಷ್ಟು ಕಾಯಬೇಕಿತ್ತು ಅನ್ನುವುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಕೋಲ್‌ಸ್ಟನ್ ಪ್ರತಿಮೆ ಉರುಳಿಸಿದ್ದಕ್ಕೆ ಪ್ರಕರಣ ಎದುರಿಸಿದ ನಾಲ್ವರನ್ನು 2022ರ ಜನವರಿಯಲ್ಲಿ ಜ್ಯೂರಿ ಖುಲಾಸೆ ಮಾಡಿತು.

ಮುಂದಿನ ಕೆಲಸ ಮಾತ್ರ ಬ್ರಿಸ್ಟಲ್‌ನವರು ಚೆನ್ನಾಗಿ ಮಾಡಿದರು. 2021ರ ಜೂನ್‌ನಲ್ಲಿ ಎಂ ಶೆಡ್ ಮ್ಯೂಸಿಯಂನಲ್ಲಿ ಪ್ರತಿಮೆಯನ್ನು ಮಲಗಿಸಿಯೇ ಇಟ್ಟರು. ಪ್ರತಿಭಟನೆಯ ದಿನ ಜನ ಹಿಡಿದಿದ್ದ ರಟ್ಟಿನ ಫಲಕಗಳನ್ನು ಪಕ್ಕದಲ್ಲಿಟ್ಟರು. ಮುಂದೇನು ಮಾಡೋಣ ಅಂತ ಊರನ್ನೇ ಕೇಳಿದರು. ಸುಮಾರು 14,000 ಜನ ಉತ್ತರ ಕೊಟ್ಟರು. ಬ್ರಿಸ್ಟಲ್‌ನವರಲ್ಲಿ ಐವರಲ್ಲಿ ನಾಲ್ವರು ಮ್ಯೂಸಿಯಂನಲ್ಲೇ ಇರಲಿ ಅಂದರು. 2024ರಿಂದ ಅದು ಅಲ್ಲಿಯೇ ಕಾಯಂ ಪ್ರದರ್ಶನದಲ್ಲಿದೆ. ಮಲಗಿದ ಪ್ರತಿಮೆಯನ್ನು ನಾವು ತಲೆ ಬಗ್ಗಿಸಿ ನೋಡುತ್ತೇವೆ. ಪೀಠದ ಮೇಲಿದ್ದಾಗ ಕತ್ತೆತ್ತಿ ನೋಡಬೇಕಿತ್ತು. ಕಂಚು ಅದೇ, ನೋಡುವವರ ಕತ್ತಿನ ಕೋನ ಬೇರೆ.

ಎಲ್ಲ ಕಡೆ ಹೀಗೇ ಆಗಲಿಲ್ಲ. ವರ್ಜೀನಿಯಾದ ಶಾರ್ಲೆಟ್ಸ್‌ವಿಲ್‌ನಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಇ. ಲೀಯ ಪ್ರತಿಮೆಯಿತ್ತು. ಅದನ್ನು ತೆಗೆಯುವ ಮಾತು ಬಂದಾಗ 2017ರಲ್ಲಿ ಬಿಳಿಯ ಜನಾಂಗವಾದಿಗಳು ಮೆರವಣಿಗೆ ಮಾಡಿದರು. ಅವರಲ್ಲೊಬ್ಬ ಎದುರಾಳಿಗಳ ಗುಂಪಿನ ಮೇಲೆ ಕಾರು ನುಗ್ಗಿಸಿ ಒಬ್ಬ ಹೆಣ್ಣುಮಗಳನ್ನು ಕೊಂದ. 2021ರಲ್ಲಿ ಪ್ರತಿಮೆ ಇಳಿಯಿತು. ನಗರಸಭೆ ಅದನ್ನು ಅಲ್ಲಿನ ಕರಿಯರ ಪರಂಪರೆಯ ಕೇಂದ್ರಕ್ಕೆ ಕೊಟ್ಟಿತು. 2023ರಲ್ಲಿ ಅವರು ಅದನ್ನು ಕರಗಿಸಿದರು. ಆ ಕಂಚಿನಿಂದ ಹೊಸದೊಂದು ಕಲಾಕೃತಿ ಮಾಡುವುದು ಅವರ ಯೋಜನೆ. ಲೀಯ ಮುಖ ಕುಲುಮೆಯಲ್ಲಿ ಕೆಂಪಗೆ ಕಾದಿದ್ದ ಚಿತ್ರ ನೋಡಿದಾಗ ನನ್ನ ಕೈ ನಡುಗಿತು. ವಸ್ತು ಉಳಿಸುವುದನ್ನೇ ಬದುಕು ಮಾಡಿಕೊಂಡವಳು ನಾನು. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಆದರೆ ಆ ಪ್ರತಿಮೆಯ ನೆರಳಲ್ಲಿ ಶಾಲೆಗೆ ನಡೆದವಳು ನಾನಲ್ಲ. ಯಾರ ಹಿರಿಯರನ್ನು ಹರಾಜು ಹಾಕಿದ್ದರೋ ಅವರಿಗೆ ಈ ವಿಷಯದಲ್ಲಿ ನನಗಿಂತ ಜಾಸ್ತಿ ಹಕ್ಕಿದೆ ಅಂತ ನಿಧಾನವಾಗಿ ಒಪ್ಪಿಕೊಂಡಿದ್ದೇನೆ.

ತರಗತಿಯ ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಡುತ್ತೇನೆ. ಕೋಲ್‌ಸ್ಟನ್ ಪ್ರತಿಮೆಗೆ ಕನ್ನಡದಲ್ಲಿ ಐವತ್ತು ಪದದ ಫಲಕ ಬರೆಯಿರಿ ಅಂತ. ಇಲ್ಲಿ ವ್ಯಾಕರಣ ಕಷ್ಟ ಕೊಡುತ್ತದೆ. ಹೆಚ್ಚಿನವರು "84,000 ಗುಲಾಮರನ್ನು ಸಾಗಿಸಲಾಯಿತು" ಅಂತ ಬರೆಯುತ್ತಾರೆ. ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗ. ಸಾಗಿಸಿದ್ದು ಯಾರು? ವಾಕ್ಯದಲ್ಲಿ ಅವರೇ ಕಾಣೆ. ಗಾಳಿಯೋ ಅಲೆಯೋ ಹೊತ್ತೊಯ್ದ ಹಾಗೆ ಕೇಳುತ್ತದೆ. ನಾನು ಕೆಂಪು ಪೆನ್ನಲ್ಲಿ 'ಯಾರು?' ಅಂತಷ್ಟೇ ಬರೆದು ವಾಪಸ್ ಕೊಡುತ್ತೇನೆ.

ಒಂದು ವರ್ಷ ಯಲ್ಲಾಪುರದ ಕಡೆಯ ಹುಡುಗಿಯೊಬ್ಬಳಿದ್ದಳು, ಸಿದ್ದಿ ಸಮುದಾಯದವಳು. ಉತ್ತರ ಕನ್ನಡದ ಕಾಡಂಚಿನಲ್ಲಿರುವ ಸಿದ್ದಿಗಳ ಪೂರ್ವಿಕರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದಾರೆ. ಬ್ರಿಸ್ಟಲ್‌ನ ಹಡಗುಗಳು ಹೋದ ದಾರಿ ಬೇರೆ, ಈ ದಾರಿ ಬೇರೆ. ಅವಳು ಇಡೀ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವಳ ಹಾಳೆಯಲ್ಲಿ ಮೊದಲ ಸಾಲು ಹೀಗಿತ್ತು: "ಈತನ ಕಂಪನಿ 84,000 ಗುಲಾಮರನ್ನು ಹಡಗಿಗೆ ತುಂಬಿತು." ನನ್ನ ಕೆಂಪು ಪೆನ್ನಿಗೆ ಕೆಲಸವಿರಲಿಲ್ಲ, ಯಾರು ಅನ್ನುವುದು ಅಲ್ಲೇ ಇತ್ತು.

ಹಾಳೆ ಕೊಟ್ಟು ಬಾಗಿಲವರೆಗೆ ಹೋದವಳು ವಾಪಸ್ ಬಂದಳು. "ಒಂದು ಪದ ತಪ್ಪಾಗಿದೆ ಮೇಡಂ, ಕೊಡ್ತೀರಾ?" ಅಂದಳು. ಅಲ್ಲೇ ಮೇಜಿನ ಮೇಲೆ ಬಗ್ಗಿ 'ಗುಲಾಮರನ್ನು' ಅನ್ನುವುದನ್ನು ಹೊಡೆದುಹಾಕಿ ಮೇಲೆ 'ಜನರನ್ನು' ಅಂತ ಬರೆದಳು. "ಹಡಗು ಹತ್ತೋವರೆಗೆ ಅವರು ಯಾರದೋ ಅಮ್ಮ, ಯಾರದೋ ಅಣ್ಣ ಅಲ್ವಾ" ಅಂದು ಹಾಳೆಯನ್ನು ನನ್ನ ಕಡೆ ಸರಿಸಿದಳು.