ಸೇಡು ಗೇಮ್ ಮಾಸ್ಟರನದ್ದಲ್ಲ, ಊರಿನದ್ದು

ಮಂಗಳೂರಿನಲ್ಲಿ ಹೊಸದಾಗಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಕತೆ ಕಟ್ಟುವ ಆಟ) ಆಡಿಸಲು ಹೊರಟವರು, ಅಂದರೆ ಕತೆ ನಡೆಸುವ ಗೇಮ್ ಮಾಸ್ಟರ್‌ಗಳು, ನನ್ನಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ: ಆಟಗಾರರ ತಂಡದಲ್ಲೊಬ್ಬ ಕತೆಯಲ್ಲಿ ಸಿಕ್ಕವರನ್ನೆಲ್ಲ ಕೊಲ್ಲುತ್ತಾನೆ, ಕೇಳಿದರೆ "ನನ್ನ ಕ್ಯಾರೆಕ್ಟರ್ ಇರುವುದೇ ಹಾಗೆ ಮಾರಾಯ್ರೇ" ಅನ್ನುತ್ತಾನೆ. ಉತ್ತರವನ್ನೂ ಅವರೇ ತಂದಿರುತ್ತಾರೆ: ಮುಂದಿನ ವಾರ ಇಪ್ಪತ್ತು ಕಾವಲುಗಾರರನ್ನು ಬಿಟ್ಟು ಅವನ ಪಾತ್ರವನ್ನು ಮುಗಿಸಿಬಿಡುವುದು. ಬೇಡ. ಅದು ನಿಮ್ಮ ಸಿಟ್ಟು ಎಂದು ಆಟಗಾರನಿಗೆ ಕೂಡಲೇ ಗೊತ್ತಾಗುತ್ತದೆ. ಮರುವಾರ ಇನ್ನೂ ಕೆಟ್ಟ ಪಾತ್ರ ಬರೆದುಕೊಂಡು ಬರುತ್ತಾನೆ.

ದುಷ್ಟ ಪಾತ್ರದ ಬಗ್ಗೆ ನನಗೆ ತಕರಾರಿಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥಕ್ಕೆ ತಲೆದೂಗುವವರು ನಾವು. ಆದರೆ ಅಲ್ಲಿ ಅವನು ಎಷ್ಟೇ ವಾದ ಗೆದ್ದರೂ ಕೊನೆಗೆ ತೊಡೆ ಮುರಿಯುವುದು ಪ್ರಸಂಗದಲ್ಲೇ ಇದೆ. ನಮ್ಮ ಮೇಜಿನಲ್ಲಿ ಅಂಥ ಪ್ರಸಂಗ ಇಲ್ಲ.

ಅಲೈನ್‌ಮೆಂಟ್, ಅಂದರೆ ಪಾತ್ರ ಎಂಥ ಸ್ವಭಾವದ್ದು ಎಂದು ಅದರ ಹಾಳೆಯಲ್ಲಿ ಬರೆದುಕೊಳ್ಳುವ ಗುರುತು ಕೂಡ ಕೈಹಿಡಿಯುವುದಿಲ್ಲ. 1974ರ ಮೊದಲ ಆವೃತ್ತಿಯಲ್ಲಿ ಲಾ, ನ್ಯೂಟ್ರಾಲಿಟಿ, ಕೇಯಾಸ್ ಎಂಬ ಮೂರೇ ಇದ್ದವು. ಗುಡ್, ಈವಿಲ್ ಸೇರಿ ಒಂಬತ್ತಾದದ್ದು ಆಮೇಲೆ. 2014ರ ಐದನೇ ಆವೃತ್ತಿಯ 'ಡಿಟೆಕ್ಟ್ ಈವಿಲ್ ಆ್ಯಂಡ್ ಗುಡ್' ಮಂತ್ರ ಪಿಶಾಚಿ, ಶವಜೀವಿಯಂಥವನ್ನು ಪತ್ತೆಮಾಡುತ್ತದೆಯೇ ಹೊರತು ಕೊಲೆಗಡುಕ ಮನುಷ್ಯನನ್ನಲ್ಲ. ಹಾಗಾಗಿ ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು, ಮಾಡಿದ ಕೆಲಸವನ್ನು ನೋಡಬೇಕು.

ಪ್ರತಿ ದುಷ್ಕೃತ್ಯಕ್ಕೂ ನಾನು ಮೂರು ಸಾಲು ಬರೆದಿಡುತ್ತೇನೆ: ಕಂಡವರು ಯಾರು, ಕಳೆದುಕೊಂಡವರು ಯಾರು, ಲಾಭ ಆದದ್ದು ಯಾರಿಗೆ. ಬಂದರಿನಲ್ಲಿ ಮೀನು ವ್ಯಾಪಾರಿಯೊಬ್ಬನನ್ನು ಕೊಂದು ಗೋದಾಮಿಗೆ ಬೆಂಕಿ ಇಟ್ಟರು ಅನ್ನಿ. ನಮ್ಮ ದಕ್ಕೆಯನ್ನು ಬೆಳಗಿನ ಜಾವ ನೋಡಿದವರಿಗೆ ಹೇಳಬೇಕಾಗಿಲ್ಲ, ಏಲಂ ಮುಗಿಯುವುದರೊಳಗೆ ಸುದ್ದಿ ಎಲ್ಲರ ಬಾಯಲ್ಲೂ ಇರುತ್ತದೆ. ಕತ್ತಿ ಹಿಡಿದು ಯಾರೂ ಬರುವುದಿಲ್ಲ. ದೋಣಿಯವನು "ಇವತ್ತು ಜಾಗ ಇಲ್ಲ" ಅನ್ನುತ್ತಾನೆ. ಅಂಗಡಿಯಲ್ಲಿ ಸಾಲ ನಿಲ್ಲುತ್ತದೆ. ಕೂಲಿ ತಪ್ಪಿದ ಹೊರೆಯಾಳುಗಳು ಇವರು ಉಳಿದುಕೊಂಡ ಮನೆಯನ್ನು ಯಾರಿಗೋ ತೋರಿಸಿಕೊಡುತ್ತಾರೆ. ಸಾಕ್ಷಿಯನ್ನೇ ಕೊಂದೆವಲ್ಲ ಎಂದು ನಿಶ್ಚಿಂತೆಯಿಂದ ಇರುವವರಿಗೆ 'ಸ್ಪೀಕ್ ವಿತ್ ಡೆಡ್' ಮಂತ್ರವನ್ನು ನೆನಪಿಸಿ: ಬಾಯಿ ಉಳಿದಿದ್ದರೆ ಹೆಣಕ್ಕೆ ಐದು ಪ್ರಶ್ನೆ ಕೇಳಬಹುದು. (ತಲೆ ಕಡಿದು ಒಯ್ಯುವ ಆಟಗಾರರೂ ಇದ್ದಾರೆ. ಆಗ ತಲೆ ಹೊತ್ತು ತಿರುಗುವುದೇ ಅವರ ಪಾಡು.)

ಮೂರನೇ ಸಾಲೇ ನನಗೆ ಹೆಚ್ಚು ಇಷ್ಟ. ಸತ್ತ ವ್ಯಾಪಾರಿಯ ಎದುರಾಳಿ ಸಿಹಿತಿಂಡಿ ಕಳಿಸುತ್ತಾನೆ, ಜೊತೆಗೆ ಮುಂದೆ ಕೊಲ್ಲಬೇಕಾದ ಇನ್ನೊಬ್ಬನ ಹೆಸರನ್ನೂ. ಒಪ್ಪಿದರೆ ಅವನ ಆಳಾಗುತ್ತಾರೆ, ಒಪ್ಪದಿದ್ದರೆ ಗುಟ್ಟು ಅವನ ಕೈಯಲ್ಲಿದೆ. ಜೈಲಿಗಿಂತ ಇದು ಒಳ್ಳೆಯ ಆಟ. ಜೈಲಿನಲ್ಲಿ ಕೂತ ಪಾತ್ರಕ್ಕೆ ಮಾಡಲು ಏನಿದೆ?

ಲೆಕ್ಕ ಕಣ್ಣಿಗೆ ಕಾಣುವಂತಿರಲಿ. 'ಬ್ಲೇಡ್ಸ್ ಇನ್ ದ ಡಾರ್ಕ್' ಆಟದಲ್ಲಿ ಕಳ್ಳತನದ ಗದ್ದಲ ಹೆಚ್ಚಿದಷ್ಟೂ 'ಹೀಟ್' ಎಂಬ ಅಂಕ ಏರುತ್ತದೆ, ಕೊಲೆಯಾದರೆ ಇನ್ನೂ ಎರಡು ಸೇರುತ್ತದೆ, ಒಂಬತ್ತಕ್ಕೆ ಮುಟ್ಟಿದರೆ 'ವಾಂಟೆಡ್' ಮಟ್ಟ ಒಂದು ಮೇಲೆ. ಅದನ್ನು ಡಂಜನ್ಸ್‌ಗೆ ಎರವಲು ತರಲು ಒಂದು ಹಾಳೆ ಸಾಕು. ಅಪಾಯ ಕಂಡೂ ಮುಂದೆ ಹೋದವನು ಆಮೇಲೆ ಅನ್ಯಾಯ ಅನ್ನುವುದಿಲ್ಲ.

ಇಷ್ಟೆಲ್ಲ ಪಾತ್ರದ ಮಾತಾಯಿತು. ಜೊತೆಯವರ ಚಿನ್ನ ಕದ್ದು, ಅವರ ಮಾತು ಕಡಿದು, ಮೇಜಿನಲ್ಲಿ ಉಳಿದವರ ಮುಖ ಬಾಡುವಂತೆ ಆಡುವವನಿಗೆ ಆಟದೊಳಗಿನ ಯಾವ ಪರಿಣಾಮವೂ ನಾಟುವುದಿಲ್ಲ. ಅವನನ್ನು ಸೆಷನ್ ಮುಗಿದ ಮೇಲೆ ಒಬ್ಬನನ್ನೇ ಚಹಾಕ್ಕೆ ಕರೆದು ನೇರವಾಗಿ ಹೇಳಿ. ಡೈಸ್ ಚೀಲದಲ್ಲೇ ಇರಲಿ.